ಪಾಲಿಗೆ ಬಂದ ಕೆಲಸ

ಪಾಲುಪಟ್ಟಿಯಲ್ಲಿ ಹೊಲ ಗದ್ದೆ ಬರೆಯುತ್ತಾರೆ, ತೆಂಗಿನ ಮರ ಬರೆಯುತ್ತಾರೆ, ಬಾವಿಯ ನೀರಿಗೆ ಯಾವ ದಿನ ಯಾರ ಸರದಿ ಎಂದೂ ಬರೆಯುತ್ತಾರೆ. ಆದರೆ ಫ್ಯಾಕ್ಟರಿಯ ಕೆಲಸವನ್ನು ಪಾಲಿಗೆ ಹಾಕಿದ ಮನೆ ಶೀಳನೆರೆ ಸುತ್ತಿನಲ್ಲಿ ಕರಿಯಪ್ಪನವರದೊಂದೇ ಇರಬೇಕು. ಎಂಬತ್ತೊಂದರಲ್ಲಿ ಕರಿಯಪ್ಪ ತೀರಿಕೊಂಡ ಮೇಲೆ ಅವರ ಇಬ್ಬರು ಗಂಡುಮಕ್ಕಳು ಬೇರೆಯಾದರು. ದೊಡ್ಡವನು ಕೆಂಪಣ್ಣ, ಚಿಕ್ಕವನು ಮರಿಸ್ವಾಮಿ. ಕೆಂಪಣ್ಣ ಆಗಲೇ ಮೂರು ವರ್ಷದಿಂದ ಚಿನಕುರಳಿಯಾಚೆಯ ರಟ್ಟಿನ ಫ್ಯಾಕ್ಟರಿಗೆ ಹೋಗುತ್ತಿದ್ದ. ಜಗಲಿಯ ಮೇಲೆ ಕೂತ ಯಜಮಾನರು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದರು. ತಿಂಗಳು ತಿಂಗಳು ದುಡ್ಡು ತರುವುದೆಂದರೆ ಅದೂ ಒಂದು ಆಸ್ತಿಯೇ ತಾನೇ? ಆಸ್ತಿಯೆಂದ ಮೇಲೆ ಒಬ್ಬನೇ ಹೇಗೆ ನುಂಗುವುದು?

ಹಾಗಾಗಿ ನಾಲೆಯ ನೀರು ಹರಿಯುವ ಗದ್ದೆಯಲ್ಲಿ ದೊಡ್ಡವನಿಗೆ ಹನ್ನೆರಡು ಗುಂಟೆ ಹೆಚ್ಚಿಗೆ ಹೋಯಿತು. ಅದಕ್ಕೆ ಸಮನಾಗಿ ಕೆಲಸ ಚಿಕ್ಕವನಿಗೆ ಬಂತು. ಬೆಲ್ಲದ ಕೊಪ್ಪರಿಗೆಗೂ ಎರಡು ತೆಂಗಿನ ಮರಕ್ಕೂ ನಡುವೆ, "ರಟ್ಟಿನ ಫ್ಯಾಕ್ಟರಿ ಕೆಲಸ ಒಂದು, ಕಿರಿಯವನಾದ ಮರಿಸ್ವಾಮಿಯ ಪಾಲಿಗೆ" ಎಂದು ಬರೆದರು. ಬರೆದವನೂ ನಗಲಿಲ್ಲ, ಓದಿಸಿಕೊಂಡವರೂ ನಗಲಿಲ್ಲ. ಪಾಲಿಗೆ ಬಂದದ್ದು ಪಂಚಾಮೃತ ಎಂದು ಮರಿಸ್ವಾಮಿ ತಲೆ ಅಲ್ಲಾಡಿಸಿದ. ಅವನಿಗೆ ಆಗ ಇಪ್ಪತ್ತಾರು. ಅಣ್ಣನ ಎದುರು ಎರಡನೆಯ ಮಾತಾಡಿ ಅಭ್ಯಾಸವಿರಲಿಲ್ಲ.

ಮಾರನೆಯ ದಿನ ಕೆಂಪಣ್ಣ ತಮ್ಮನನ್ನು ಕರೆದುಕೊಂಡು ಫ್ಯಾಕ್ಟರಿಗೆ ಹೋಗಿ, ಇನ್ನು ಮೇಲೆ ನನ್ನ ಬದಲು ಇವನು ಬರುತ್ತಾನೆ ಎಂದು ಗುಮಾಸ್ತ ಶಿವಲಿಂಗಯ್ಯನಿಗೆ ಹೇಳಿದ, ಹಾಲು ಹಾಕುವ ವರ್ತನೆಯವನನ್ನು ಬದಲಾಯಿಸಿದಷ್ಟೇ ಸಲೀಸಾಗಿ. ಶಿವಲಿಂಗಯ್ಯನೂ ಈ ಸೀಮೆಯವನೇ, ಅವನಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ಪುಸ್ತಕದಲ್ಲಿ ಹೆಸರು ಬದಲಾಯಿಸುವುದು ಮಾತ್ರ ಬೇಡ ಎಂದ. ಜಾಗ ಖಾಲಿಯಾಯಿತೆಂದು ಸಾಹುಕಾರರಿಗೆ ಗೊತ್ತಾದರೆ ತಮ್ಮ ಕಡೆಯವನನ್ನು ತಂದು ಕೂರಿಸುತ್ತಾರೆ, ನೀನು ಕೆಂಪಣ್ಣ ಅಂತಲೇ ರುಜು ಹಾಕಿಕೊಂಡು ಹೋಗು, ಯಾರು ಕೇಳುತ್ತಾರೆ ಎಂದ. ಐದನೇ ಕ್ಲಾಸಿನವರೆಗೆ ಓದಿದ್ದ ಮರಿಸ್ವಾಮಿ ಆ ರಾತ್ರಿ ಸ್ಲೇಟು ಹಿಡಿದು ಅಣ್ಣನ ಹೆಸರನ್ನು ನಲವತ್ತು ಸಲ ತಿದ್ದಿದ.

ಅಂದಿನಿಂದ ಅವನು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಕೆಂಪಣ್ಣ. ಶೀಳನೆರೆಯಲ್ಲಿ ಬಸ್ಸಿಳಿದ ಮೇಲೆ ಮರಿಸ್ವಾಮಿ. ಮೊದಮೊದಲು ಫ್ಯಾಕ್ಟರಿಯಲ್ಲಿ ಯಾರಾದರೂ ಕೂಗಿದರೆ ಎರಡು ಸಲ ಕೂಗಿಸಿಕೊಳ್ಳುತ್ತಿದ್ದ, ಆಮೇಲೆ ಒಂದೇ ಕೂಗಿಗೆ ತಿರುಗುವುದು ರೂಢಿಯಾಯಿತು. ಕೆಲಸವೇನೂ ಹೂವಿನ ಕೆಲಸವಲ್ಲ. ಹುಲ್ಲನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ಹಾಳೆ ಎತ್ತಿ, ಹಸಿ ಹಾಳೆಯನ್ನು ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಬಿಸಿಲಿಗೆ ಹರಡಬೇಕು. ಮಿಠಾಯಿ ಅಂಗಡಿಯ ಡಬ್ಬ, ನೋಟುಬುಕ್ಕಿನ ಹೊದಿಕೆ ಎಲ್ಲ ಆ ರಟ್ಟಿನವೇ. ಸುಣ್ಣ ತಿಂದು ತಿಂದು ಅವನ ಬೆರಳ ಸಂದಿಯ ಚರ್ಮ ಎಂದೂ ಒಂದಾಗಲಿಲ್ಲ. ಅವನ ಹೆಂಡತಿ ಜಯಲಕ್ಷ್ಮಮ್ಮ ದಿನಾ ಹರಳೆಣ್ಣೆ ಹಚ್ಚುತ್ತಿದ್ದಳು, ಹಚ್ಚುವಾಗಲೆಲ್ಲ ಆ ಹನ್ನೆರಡು ಗುಂಟೆ ಗದ್ದೆಯನ್ನು ನೆನೆಯುತ್ತಿದ್ದಳು. ಅವಳ ನೆನಪಿನ ಶಕ್ತಿ ಬಹಳ ಚೆನ್ನಾಗಿತ್ತು.

ಹೀಗೆ ಹದಿನೈದು ವರ್ಷ ಕಳೆಯಿತು. ತೊಂಬತ್ತಾರರ ಬೇಸಿಗೆ ಮುಗಿಯುವ ಹೊತ್ತಿಗೆ ಫ್ಯಾಕ್ಟರಿಗೆ ಹಬೆಯಲ್ಲಿ ರಟ್ಟು ಒಣಗಿಸುವ ಮಿಷನ್ನು ಬಂತು. ಅಂಗಳದಲ್ಲಿ ಒಣಗಿಸುತ್ತಿದ್ದ ಇಪ್ಪತ್ತೆರಡು ಜನ ಬೇಡವಾದರು. ಸಾಹುಕಾರರ ಅಳಿಯ ರಘುನಂದನ್ ಆಗ ಮ್ಯಾನೇಜರಾಗಿದ್ದ. ಶ್ರೀರಂಗಪಟ್ಟಣದಲ್ಲಿ ಮನೆ, ಓಡಾಡಲು ಜೀಪು, ಮಾತು ಬೆಣ್ಣೆ. ಅವನು ಇಪ್ಪತ್ತೆರಡು ಜನರನ್ನೂ ನಿಲ್ಲಿಸಿ, ತಲೆಗೆ ಎಂಟು ಸಾವಿರ ಕೊಡುತ್ತೇವೆ, ಈ ಕಾಗದಕ್ಕೆ ರುಜು ಹಾಕಿ ಸಂತೋಷವಾಗಿ ಹೋಗಿ ಎಂದ. ದಿನಕ್ಕೆ ಅರವತ್ತು ರೂಪಾಯಿಯ ಕೂಲಿಯವರಿಗೆ ಎಂಟು ಸಾವಿರವೆಂದರೆ ಕಣ್ಣು ಕತ್ತಲೆ ಬರುವ ದುಡ್ಡು. ಮುಂದಿದ್ದ ಇಬ್ಬರು ಆಗಲೇ ಪೆನ್ನಿಗೆ ಕೈ ಚಾಚಿದ್ದರು.

ತಡೆದವನು ಬಾಯ್ಲರಿನ ರಂಗಸ್ವಾಮಿ. ಅವನದು ನಾಗಮಂಗಲದ ಕಡೆ. ಅವನ ಕೆಲಸಕ್ಕೇನೂ ಧಕ್ಕೆ ಇರಲಿಲ್ಲ. ಆದರೆ ಹಿಂದೆ ಬೇರೊಂದು ಮಿಲ್ಲಿನಲ್ಲಿ ಹನ್ನೊಂದು ವರ್ಷ ದುಡಿದು, ಇಂಥದೇ ಒಂದು ಕಾಗದಕ್ಕೆ ರುಜು ಹಾಕಿ, ಮೂರು ಸಾವಿರ ಜೇಬಿಗಿಟ್ಟುಕೊಂಡು ಬೀದಿಗೆ ಬಂದಿದ್ದ. ಕಳೆದುಕೊಂಡ ಮೇಲೆ ಕಾನೂನು ಕಲಿತವನು, ಹಾಗಾಗಿ ಚೆನ್ನಾಗಿಯೇ ಕಲಿತಿದ್ದ. ಗೇಟಿನಾಚೆಯ ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದ. ಮಾಲೀಕ ತಾನಾಗಿ ಕೆಲಸದಿಂದ ತೆಗೆದರೆ ಒಂದು ತಿಂಗಳು ಮೊದಲೇ ನೋಟೀಸು ಕೊಡಬೇಕು, ಇಲ್ಲವೆ ಆ ತಿಂಗಳ ಸಂಬಳ ಕೊಡಬೇಕು. ಇನ್ನೂರ ನಲವತ್ತು ದಿನ ದುಡಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ಸಂಬಳ ಪರಿಹಾರ. ಐದು ವರ್ಷ ದಾಟಿದವರಿಗೆ ಗ್ರಾಚುಟಿ ಬೇರೆ, ಅದೂ ವರ್ಷಕ್ಕೆ ಹದಿನೈದು ದಿನದ್ದೇ. ಪರಿಹಾರ ಸಿಗುವುದು ತೆಗೆದರೆ ಮಾತ್ರ. ಕಾಗದದಲ್ಲಿ "ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಎಂದಿದೆ, ಬರಬೇಕಾದದ್ದೆಲ್ಲ ಬಂದಿದೆ ಎಂದೂ ಇದೆ, ಅದಕ್ಕೆ ರುಜು ಬಿತ್ತೋ, ಪರಿಹಾರವೂ ಹೋಯಿತು, ಗ್ರಾಚುಟಿಯೂ ಹೋಯಿತು.

"ಎಂಟ್ ಸಾವ್ರ ಕೊಡ್ತಿರದು ನಿಮ್ಗಲ್ಲ ಕಣ್ರಲಾ, ನಿಮ್ ರುಜೂಗೆ" ಎಂದ ರಂಗಸ್ವಾಮಿ.

ಮರಿಸ್ವಾಮಿಯ ಲೆಕ್ಕ ಹಾಕಿದಾಗ ಪುಸ್ತಕದ ಪ್ರಕಾರ ಹದಿನೆಂಟು ವರ್ಷವಾಗಿತ್ತು. ಅಣ್ಣನ ಮೂರು, ಅವನ ಹದಿನೈದು. ಎಲ್ಲ ಸೇರಿ ಮೂವತ್ತಮೂರು ಸಾವಿರದ ಒಂಬೈನೂರ ಅರವತ್ತು. ಮರಿಸ್ವಾಮಿ ಆ ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಇಟ್ಟುಕೊಂಡ. ಎರಡು ಸೀಮೆಹಸು, ಅವಕ್ಕೊಂದು ಕೊಟ್ಟಿಗೆ. ಊರ ಡೈರಿಗೆ ಹೊತ್ತಿಗೆ ಎಂಟು ಲೀಟರು ಹಾಕಿದರೂ ಸಂಸಾರ ನಡೆಯುತ್ತದೆ, ಮಗಳು ರಂಜಿತಳ ಓದು ನಿಲ್ಲುವುದಿಲ್ಲ. ಅದು ಬರಲಿಲ್ಲವೆಂದರೆ ಉಳಿಯುವುದು ಅರ್ಧ ಎಕರೆ ಖುಷ್ಕಿ ಹೊಲ, ಮತ್ತೆ ಸುಣ್ಣ ತಿಂದ ಕೈ. ಗದ್ದೆ ಬಿಟ್ಟುಕೊಟ್ಟು ಪಡೆದ ಕೆಲಸ ಹೋಗಿಬಿಟ್ಟಿತು, ಹಾಗಂತ ಗದ್ದೆ ವಾಪಸು ಬರುತ್ತದೆಯೇ?

ಯಾರೂ ರುಜು ಹಾಕಲಿಲ್ಲ. ಲೇಬರ್ ಆಫೀಸಿಗೆ ಅರ್ಜಿ ಕೊಡುವುದೆಂದು ನಿಶ್ಚಯವಾಯಿತು. ಒಂದು ಬುಧವಾರ ಇಪ್ಪತ್ತೆರಡು ಜನವೂ ಕೆ.ಆರ್. ಪೇಟೆಗೆ ಹೋಗಿ, ತಾಲ್ಲೂಕು ಕಚೇರಿಯ ಎದುರಿನ ಟೈಪಿಸ್ಟಿನ ಹತ್ತಿರ ಅರ್ಜಿ ಮಾಡಿಸಿದರು. ಎಲ್ಲರೂ ಸಾಲಾಗಿ ರುಜು ಹಾಕಿದರು. ಮರಿಸ್ವಾಮಿಯೂ ಹಾಕಿದ, ಅಭ್ಯಾಸದಂತೆ ಕೆಂಪಣ್ಣ ಎಂದೇ.

ಅದೇ ಬುಧವಾರ ರಘುನಂದನನ ಜೀಪು ಊರಿಗೆ ಬಂದಿತ್ತು. ಒಟ್ಟಾಗಿ ಬಗ್ಗದವರನ್ನು ಒಬ್ಬೊಬ್ಬರಾಗಿ ಬಗ್ಗಿಸೋಣವೆಂದು ಅವನು ಮನೆಮನೆಗೆ ಹೊರಟಿದ್ದ. ಜೊತೆಗೆ ಗುಮಾಸ್ತ ಶಿವಲಿಂಗಯ್ಯ. ಕೆಂಪಣ್ಣನ ಮನೆ ಯಾವುದೆಂದು ಕೇಳಿದರೆ ಊರವರು ಕೆಂಪಣ್ಣನ ಮನೆಯನ್ನೇ ತೋರಿಸಿದರು, ಅದರಲ್ಲಿ ಅವರ ತಪ್ಪಿಲ್ಲ. ಜಗಲಿಯ ಮೇಲೆ ಕೂತಿದ್ದವನು ಫ್ಯಾಕ್ಟರಿಯಲ್ಲಿ ಕಂಡ ಮುಖವಲ್ಲ. ರಘುನಂದನ್ ಗುಮಾಸ್ತನ ಕಡೆ ನೋಡಿದ. ಶಿವಲಿಂಗಯ್ಯ ಜೀಪಿನ ಮರೆಗೆ ಕರೆದು ಹದಿನೈದು ವರ್ಷದ ಕತೆಯನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ. ಇನ್ನೊಬ್ಬನಾಗಿದ್ದರೆ ಕೂಗಾಡುತ್ತಿದ್ದ. ರಘುನಂದನ್ ಮುಗುಳ್ನಕ್ಕು ಬಂದು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದ.

ಕೆಂಪಣ್ಣ ಕೆಟ್ಟವನಲ್ಲ. ಮನೆಗೆ ದೊಡ್ಡವನು, ಅಷ್ಟೇ. ಅಪ್ಪ ಹೋದ ಮೇಲೆ ಸೊಸೈಟಿ ಸಾಲಕ್ಕೆ, ಕಂದಾಯಕ್ಕೆ, ಮದುವೆಯ ಲಗ್ನಪತ್ರಿಕೆಗೆ ಎಲ್ಲದಕ್ಕೂ ರುಜು ಹಾಕಿದವನು ಅವನೇ. ಬೇರೆಯಾದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ತಮ್ಮನಿಗೆ ಬಾಯಿಲ್ಲ, ಸಾಹುಕಾರರ ಮುಂದೆ ಚೌಕಾಸಿ ಮಾಡಲಾರ, ತಾನೇ ನಿಂತು ಮಾಡಿಸಿದರೆ ನಾಲ್ಕು ಕಾಸು ಹೆಚ್ಚು ಬರುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಎಂಟು ಸಾವಿರವನ್ನು ಹಿಡಿದು ಹಿಂಡಿ ಒಂಬತ್ತಕ್ಕೆ ಏರಿಸಿದ. ಆಮೇಲೆ ಕಾಗದದ ಕೊನೆಯಲ್ಲಿ ತನ್ನ ಹೆಸರನ್ನು ಠೀವಿಯಿಂದ ಬರೆದ.

ಸಂಜೆ ಮರಿಸ್ವಾಮಿ ಬಸ್ಸಿಳಿದು ಬರುವಷ್ಟರಲ್ಲಿ ಅಣ್ಣ ಅವನ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ಎದುರಿಗೆ ಏಳೂವರೆ ಸಾವಿರದ ಕಂತೆ. ಒಂಬತ್ತನ್ನು ಹದಿನೆಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಐನೂರು, ತನ್ನ ಮೂರು ವರ್ಷಕ್ಕೆ ಸಾವಿರದ ಐನೂರು ಮುರಿದುಕೊಂಡಿದ್ದೇನೆ, ಒಂದು ಪೈಸೆ ಹೆಚ್ಚಿಲ್ಲ ಎಂದು ವಿವರಿಸಿದ. ಧರ್ಮರಾಯನ ನ್ಯಾಯ! ತಮ್ಮ ಹೊಗಳುತ್ತಾನೆಂದು ಕಾದು ಕೂತಿದ್ದ ಅವನ ಮುಖ ನೋಡಿ ಮರಿಸ್ವಾಮಿಗೆ ಸಿಟ್ಟಿಗಿಂತ ಮೊದಲು ಅಯ್ಯೋ ಅನ್ನಿಸಿತು. ಜೇಬಿನ ಚೀಟಿ ತೆಗೆದು ಬಿಡಿಸಿ, ಕೊಡಬೇಕಾದದ್ದು ಎಷ್ಟಿತ್ತು, ರುಜು ಬಿದ್ದರೆ ಏನಾಗುತ್ತದೆ ಎಂದು ಮೆಲ್ಲಗೆ ಓದಿ ಹೇಳಿದ.

ಅಡಿಗೆಮನೆಯ ಬಾಗಿಲಿನಲ್ಲಿ ನಿಂತಿದ್ದ ಜಯಲಕ್ಷ್ಮಮ್ಮ ಭಾವನ ಎದುರು ಎಂದೂ ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ. ಗೋಡೆಯ ಕಡೆ ನೋಡಿಕೊಂಡು, "ಗದ್ದೆನೂ ಅವ್ರ ರುಜೂಲೇ ಓಯ್ತು, ಕೆಲ್ಸಾನೂ ಅವ್ರ ರುಜೂಲೇ ಓಯ್ತು. ಇನ್ನೇನ್ ಉಳುದದೆ ಅಂತ ಕೇಳಿ, ಅದ್ಕೂ ಆಕ್ಬುಡ್ಲಿ" ಎಂದಳು.

ಕೆಂಪಣ್ಣನಿಗೆ ಅದು ನೆತ್ತಿಗೇರಿತು. ತನ್ನ ಹೆಸರಿನ ಕೆಲಸಕ್ಕೆ ತಾನು ರುಜು ಹಾಕಿದರೆ ಯಾರಪ್ಪನ ಮನೆ ಗಂಟು ಹೋಯಿತು ಎಂದು ಎದ್ದು ನಿಂತ. ಮರಿಸ್ವಾಮಿ ಅಣ್ಣನ ಮುಖವನ್ನೂ ನೋಡದೆ ಹೊರಗೆ ನಡೆದ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುವ ಮಾತು ಈ ಮನೆಗೆ ಹದಿನೈದು ವರ್ಷ ತಡವಾಗಿ ಬಂತು. ಕಂತೆ ಅಲ್ಲೇ ಬಿದ್ದಿತ್ತು. ಜಯಲಕ್ಷ್ಮಮ್ಮ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು, ಒಂದು ನೋಟನ್ನೂ ಬಿಡಿಸಲಿಲ್ಲ.

ಮಾರನೆಯ ದಿನ ಮರಿಸ್ವಾಮಿ ರಂಗಸ್ವಾಮಿಯನ್ನು ಹುಡುಕಿಕೊಂಡು ಹೋಗಿ ಇದ್ದದ್ದು ಇದ್ದಂತೆ ಹೇಳಿದ. ಹೇಳಬೇಕಾದದ್ದು ಮೊದಲು ಒಂದೇ ವಾಕ್ಯ, ತಾನು ಕೆಂಪಣ್ಣನಲ್ಲ ಎಂದು. ಏಳು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿ ಉಂಡಿದ್ದ ರಂಗಸ್ವಾಮಿ ಬೀಡಿ ಹಚ್ಚುವುದನ್ನು ಬಿಟ್ಟು ಅವನನ್ನೇ ನೋಡಿದ. ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಬೀಡಿ ಹಚ್ಚಿಕೊಂಡು ಯೋಚಿಸಿದ. ಕೊನೆಗೆ ಅವನಿಗೆ ಒಂದು ದಾರಿ ಹೊಳೆಯಿತು. ರಾಜೀನಾಮೆ ಕೊಟ್ಟವನು ಕೆಲಸಗಾರನೇ ಅಲ್ಲ. ಕೆಲಸಗಾರ ರಾಜೀನಾಮೆ ಕೊಟ್ಟಿಲ್ಲ. ಸಂಬಳದ ಪುಸ್ತಕದಲ್ಲಿ ಹದಿನೈದು ವರ್ಷದ ರುಜು ಒಂದು ಕೈಯದು, ಆ ಕಾಗದದ ರುಜು ಇನ್ನೊಂದು ಕೈಯದು.

ಆದರೆ ಅದಕ್ಕೊಂದು ತೊಡಕಿತ್ತು. ಅಂಗಳದ ಇಪ್ಪತ್ತೊಂದು ಜನರನ್ನು ನಿಲ್ಲಿಸಿ ಇವನ್ಯಾರು ಎಂದು ಕೇಳಿದರೆ ಇಪ್ಪತ್ತೊಂದು ಬಾಯಿಯೂ ಕೆಂಪಣ್ಣ ಎನ್ನುತ್ತವೆ, ಎಲ್ಲರೂ ಎಂಬತ್ತೊಂದರ ಈಚೆಗೆ ಸೇರಿದವರು, ಅವರಿಗೆ ಗೊತ್ತಿರುವುದೇ ಅದು. ಶಿವಲಿಂಗಯ್ಯ ಅನ್ನ ಹಾಕುವವರ ವಿರುದ್ಧ ಬಾಯಿ ಬಿಡುವವನಲ್ಲ. ಪುಸ್ತಕ ಅಣ್ಣನ ಹೆಸರಲ್ಲಿದೆ, ರಾಜೀನಾಮೆ ಅಣ್ಣನ ಕೈಯದು. ಅವನು ಆಫೀಸರ ಮುಂದೆ ನಾನೇ ದುಡಿದೆ, ನಾನೇ ಬಿಟ್ಟೆ ಎಂದುಬಿಟ್ಟರೆ ಮುಗಿಯಿತು. ಅವನು ಬಂದು, ಎಂಬತ್ತೊಂದರಿಂದ ಅಲ್ಲಿ ನಿಂತವನು ನನ್ನ ತಮ್ಮ ಎಂದರೆ ಮಾತ್ರ ಉಳಿಗಾಲ. ಹಾಗೆ ಹೇಳಿದರೆ ಅವನ ಮೂರು ವರ್ಷಕ್ಕೆ ಚಿಕ್ಕಾಸೂ ಸಿಗುವುದಿಲ್ಲ, ತಾನಾಗಿ ಬಿಟ್ಟು ಹೋದವನಾಗುತ್ತಾನೆ, ಅದನ್ನೂ ಮುಚ್ಚಿಡದೆ ಹೇಳು ಎಂದು ರಂಗಸ್ವಾಮಿ ಎಚ್ಚರಿಸಿದ.

ಅಣ್ಣನ ಮುಂದೆ ಹೋಗಿ ನಿಲ್ಲಲು ಮರಿಸ್ವಾಮಿಗೆ ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ರಘುನಂದನ್ ಇನ್ನೊಂದು ಸಲ ಬಂದು ಹೋಗಿದ್ದ. ಮಾತು ಬದಲಾಯಿಸಿದರೆ ಇದು ಮೋಸದ ಕೇಸು, ಹೆಸರು ಕೊಟ್ಟವನಿಗೂ ಹೆಸರು ಹೇಳಿಕೊಂಡವನಿಗೂ ಪೊಲೀಸು ಸ್ಟೇಷನ್ನೇ ಗತಿ ಎಂದು ಬೆಣ್ಣೆಯಂಥ ಮಾತಿನಲ್ಲೇ ತಿಳಿಸಿದ್ದ. ಕೆಂಪಣ್ಣ ಹುಟ್ಟಿದಾಗಿನಿಂದ ಸ್ಟೇಷನ್ನಿನ ಮೆಟ್ಟಿಲು ಹತ್ತಿದವನಲ್ಲ. ಊರಿನ ಪಂಚಾಯ್ತಿಗಳಲ್ಲಿ ಮೂರನೆಯ ಸಾಲಿನಲ್ಲಾದರೂ ಕೂರುವ ಮನುಷ್ಯ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನಂತೆ ಓಡಾಡುತ್ತಿದ್ದ.

ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದಾಗ ಮರಿಸ್ವಾಮಿ ಹೋಗಿ ಕಂಬದ ಪಕ್ಕ ನಿಂತ. ಸೋಮವಾರ ಪಾಂಡವಪುರದ ಪ್ರವಾಸಿ ಮಂದಿರದಲ್ಲಿ ಲೇಬರ್ ಆಫೀಸರು ವಿಚಾರಣೆ ಇಟ್ಟುಕೊಂಡಿದ್ದಾರೆ, ಬಾ ಎಂದು ಕರೆದ. ರಂಗಸ್ವಾಮಿ ಹೇಳಿದ್ದನ್ನೆಲ್ಲ ಹೇಳಿದ, ಮೂರು ವರ್ಷದ ಮಾತನ್ನೂ ಸೇರಿಸಿ. ಕೆಂಪಣ್ಣ ತಿರುಗಿ ನೋಡದೆ, ಪೊಲೀಸಿನವರು ಕೈ ಹಿಡಿದು ಎಳೆದುಕೊಂಡು ಹೋದರೆ ನೀನು ಬಿಡಿಸಿಕೊಂಡು ಬರುತ್ತೀಯಾ ಎಂದ. ಮರಿಸ್ವಾಮಿ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ನಲವತ್ತೊಂದು ವರ್ಷದಲ್ಲಿ ಅಣ್ಣನಿಗೆ ಅಷ್ಟು ಉದ್ದದ ಮಾತನ್ನು ಅವನು ಹೇಳಿರಲಿಲ್ಲ.

"ಅಣ್ಣಯ್ಯ, ಗದ್ದೆ ನೀನ್ ತಕ್ಕಂಡಾಗ ನಾನೊಂದ್ ಮಾತ್ ಆಡ್ಲಿಲ್ಲ. ನಿನ್ ಎಸರೇಳ್ಕಂಡು ಅದಿನೈದ್ ವರ್ಸ ಸುಣ್ಣದ್ ನೀರಲ್ ನಿಂತೆ, ಆಗ್ಲೂ ಆಡ್ಲಿಲ್ಲ. ದುಡ್ಡು ಓದ್ರೆ ಓಗ್ಲಿ ಬುಡು. ಅಲ್ಲಿ ನಿಂತಿದ್ದೋನು ನಾನು ಅಂತ ಏಳಕ್ಕೆ ಈ ಬೂಮಿ ಮ್ಯಾಲೆ ನೀನೊಬ್ನೆ ಇರದು."

ಕೆಂಪಣ್ಣ ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. ಮರಿಸ್ವಾಮಿ ಸ್ವಲ್ಪ ಹೊತ್ತು ಕಾದು ಮನೆಗೆ ಬಂದ. ಬರುವುದಿಲ್ಲವೆಂದೇ ಅವನು ತಿಳಿದುಕೊಂಡ. ಆ ರಾತ್ರಿ ಊಟ ಸೇರಲಿಲ್ಲ.

ಸೋಮವಾರ ಪ್ರವಾಸಿ ಮಂದಿರದ ಜಗಲಿಯಲ್ಲಿ ಇಪ್ಪತ್ತೆರಡು ಜನ ಚಪ್ಪಲಿ ಬಿಟ್ಟು ಸಾಲಾಗಿ ಕೂತರು. ಆಫೀಸರು ವಯಸ್ಸಾದವರು, ಕನ್ನಡಕ ಹಣೆಗೆ ಏರಿಸಿಕೊಂಡು ಫೈಲು ಓದುವವರು, ಹೆಚ್ಚು ಮಾತಿಲ್ಲ. ಇಪ್ಪತ್ತೊಂದು ಜನರ ವಿಷಯ ಮಧ್ಯಾಹ್ನದೊಳಗೆ ಮುಗಿಯಿತು. ರುಜು ಹಾಕಿಲ್ಲ, ರಾಜೀನಾಮೆ ಇಲ್ಲ, ಪುಸ್ತಕದಲ್ಲಿ ದಿನಗಳು ತುಂಬಿವೆ. ರಘುನಂದನ್ ಒಂದಷ್ಟು ವಾದಿಸಿ, ವಕೀಲರಿಗೆ ಕೊಡುವ ಫೀಜು ಲೆಕ್ಕ ಹಾಕಿ ನೋಡಿ, ಕಾನೂನಿನಂತೆ ಕೊಡಲು ಒಪ್ಪಿದ. ಉಳಿದದ್ದು ಕೆಂಪಣ್ಣ ಬಿನ್ ಕರಿಯಪ್ಪ.

ಆ ಹೆಸರು ಬಂದಾಗ ರಘುನಂದನ್ ಕಾಗದ ತೆಗೆದು ಮೇಜಿನ ಮೇಲಿಟ್ಟ. ಈತ ಸ್ವಂತ ಇಚ್ಛೆಯಿಂದ ಬಿಟ್ಟು ಒಂಬತ್ತು ಸಾವಿರ ಪಡೆದಿದ್ದಾರೆ ಎಂದ. ಮರಿಸ್ವಾಮಿ ಎದ್ದು ನಿಂತು, ರುಜು ಹಾಕಿದವನು ನಾನಲ್ಲ, ನನ್ನ ಅಣ್ಣ, ನನ್ನ ಹೆಸರು ಮರಿಸ್ವಾಮಿ ಎಂದ. ಜಗಲಿಯಲ್ಲಿ ಗುಸುಗುಸು ಎದ್ದಿತು. ಇಷ್ಟು ವರ್ಷ ಜೊತೆಯಲ್ಲಿ ಹಾಳೆ ಹೊತ್ತವರು ಬಾಗಿಲಿನಿಂದ ಇಣುಕಿ ಇಣುಕಿ ನೋಡಿದರು. ರಘುನಂದನ್ ಇದಕ್ಕೇ ಕಾದಿದ್ದವನಂತೆ, ಹಾಗಾದರೆ ಇವನು ಮೋಸಗಾರ, ನಮ್ಮ ಪುಸ್ತಕದಲ್ಲಿ ಮರಿಸ್ವಾಮಿ ಅನ್ನುವ ಕೆಲಸಗಾರನೇ ಇಲ್ಲ ಎಂದ.

ಆಫೀಸರು ಕನ್ನಡಕ ಇಳಿಸಿಕೊಂಡು ಸಂಬಳದ ಪುಸ್ತಕಗಳನ್ನು ತರಿಸಿ ಅಲ್ಲಲ್ಲಿ ತಿರುವಿದರು. ಎಂಬತ್ತಮೂರು, ಎಂಬತ್ತೊಂಬತ್ತು, ತೊಂಬತ್ತೈದು. ರುಜು ಒಂದೇ ಥರ, ಸ್ಲೇಟಿನ ಮೇಲೆ ತಿದ್ದಿದ ಗುಂಡು ಅಕ್ಷರ. ರಾಜೀನಾಮೆಯದು ಗೀಚಿದ ಉದ್ದನೆಯ ಅಕ್ಷರ. ಎರಡನ್ನೂ ರಘುನಂದನನ ಕಡೆ ತಿರುಗಿಸಿ, ಇದೂ ನಿಮ್ಮ ಪುಸ್ತಕ, ಅದೂ ನಿಮ್ಮ ಕಾಗದ, ಎರಡರಲ್ಲಿ ಒಂದು ಆ ಕೆಲಸಗಾರನದಲ್ಲ, ಯಾವುದು ಅಂತ ನೀವೇ ಹೇಳಿ ಎಂದರು. ಮನುಷ್ಯನ ರುಜು ಒಂದೊಂದು ಸಲ ಬದಲಾಗುತ್ತದೆ ಎಂದ ರಘುನಂದನ್. ಇರಬಹುದು ಎಂದು ಆಫೀಸರು ಒಪ್ಪಿದರು. ಆ ಅಣ್ಣನನ್ನೇ ಕೇಳೋಣ, ಎಲ್ಲಿದ್ದಾನೆ ಎಂದರು.

ಬಂದಿಲ್ಲ ಎಂದು ಮರಿಸ್ವಾಮಿ ಹೇಳಬೇಕಾಯಿತು. ಊಟದ ನಂತರವೂ ಬರದಿದ್ದರೆ ಕಾಗದದಲ್ಲಿರುವುದನ್ನೇ ನಂಬಬೇಕಾಗುತ್ತದೆ ಎಂದು ಆಫೀಸರು ಎದ್ದರು. ಹೊರಗೆ ಮರದ ಕೆಳಗೆ ರಂಗಸ್ವಾಮಿ ಬುತ್ತಿ ಬಿಚ್ಚಿ ಮುದ್ದೆ ಮುರಿದು ಕೊಟ್ಟ. ಮರಿಸ್ವಾಮಿ ಕೈಯಲ್ಲಿ ಹಿಡಿದುಕೊಂಡು ಕೂತ. ಅವನಿಗೆ ಆಗ ಹಸುವಿನ ಯೋಚನೆಯೂ ಬರಲಿಲ್ಲ. ಹದಿನೈದು ವರ್ಷ ಎಲ್ಲೋ ಒಂದು ಕಡೆ ಇದ್ದು ಬಂದೆ, ಆದರೆ ಅಲ್ಲಿ ಇದ್ದೆ ಎನ್ನುವುದಕ್ಕೇ ಗುರುತಿಲ್ಲ ಅನ್ನಿಸುತ್ತಿತ್ತು.

ಎರಡು ಗಂಟೆಯ ಬಸ್ಸಿನಲ್ಲಿ ಕೆಂಪಣ್ಣ ಬಂದ. ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟಿದ್ದ, ಕಂಕುಳಲ್ಲಿ ಟವಲಿನ ಗಂಟು. ಹಿಂದೆಯೇ ಜಯಲಕ್ಷ್ಮಮ್ಮ ಇಳಿದಳು. ಬೆಳಗ್ಗೆ ಭಾವ ಬಂದು, ಅವತ್ತು ಕೊಟ್ಟ ದುಡ್ಡು ಕೊಡವ್ವಾ ಎಂದು ಬಾಗಿಲಲ್ಲಿ ನಿಂತರಂತೆ. ಕಂತೆ ಹೋಗುವ ಕಡೆಗೆ ತಾನೂ ಹೋಗುವುದೇ ಸರಿ ಎಂದು ಅವಳು ಸೀರೆ ಬದಲಾಯಿಸಿ ಹೊರಟಿದ್ದಳು. ಭಾವನ ಮೇಲೆ ಅವಳ ನಂಬಿಕೆ ಅಷ್ಟಿತ್ತು.

ಒಳಗೆ ಆಫೀಸರು ಕಾಗದ ತೋರಿಸಿ ಇದು ನಿನ್ನ ರುಜುವೇ ಎಂದು ಕೇಳಿದರು. ಹೌದು ಎಂದ ಕೆಂಪಣ್ಣ. ದುಡ್ಡು ತೆಗೆದುಕೊಂಡೆಯಾ ಎಂದರು. ಹೌದು ಎಂದು ಟವಲು ಬಿಚ್ಚಿ ಮೇಜಿನ ಮೇಲಿಟ್ಟ. ಒಂಬತ್ತು ಸಾವಿರವೂ ಇತ್ತು, ಪಂಪಿನ ರಿಪೇರಿಗೆ ಆಗಲೇ ಖರ್ಚಾಗಿದ್ದ ಸಾವಿರದ ಐನೂರನ್ನು ಎಲ್ಲಿಂದ ಹೊಂದಿಸಿದನೋ ಗೊತ್ತಿಲ್ಲ. ರಘುನಂದನ್ ಮುಂದಕ್ಕೆ ಬಾಗಿ, ಏನು ಹೇಳುತ್ತಿದ್ದೀರಿ ಎನ್ನುವುದು ನೆನಪಿರಲಿ ಗೌಡರೇ, ಪೊಲೀಸು ಕೇಸಾಗುತ್ತದೆ ಎಂದ. ಕೆಂಪಣ್ಣ ಮೇಜಿನ ಅಂಚು ಹಿಡಿದುಕೊಂಡ.

"ಎಂಬತ್ತೊಂದನೇ ಇಸ್ವೀಲಿ ಆ ಗೇಟ್ ಬುಟ್ಟೋನು ತಿರ್ಗಾ ಕಾಲಿಟ್ಟಿಲ್ಲ ಸಾಮಿ. ಎಸರು ನಂದು, ದುಡ್ದೋನು ನನ್ ತಮ್ಮ. ಅವ್ನ ಕೇಳ್ದೆ ರುಜು ಆಕಿದ್ದು ನನ್ ತಪ್ಪು. ಜೈಲ್ಗೆ ಆಕದಾದ್ರೆ ನನ್ನೊಬ್ಬುನ್ನೇ ಆಕಿ."

ಮರಿಸ್ವಾಮಿ ಗೋಡೆಗೆ ಒರಗಿ ನಿಂತಿದ್ದವನು ನೆಲ ನೋಡಿದ. ಅಣ್ಣನ ಬಾಯಿಂದ ತಪ್ಪು ಎನ್ನುವ ಮಾತು ಬಂದದ್ದನ್ನು ಅವನು ಆವರೆಗೆ ಕೇಳಿರಲಿಲ್ಲ. ಕೇಳಿದ್ದೇ ಕಣ್ಣು ತುಂಬಿಕೊಂಡಿತು, ಅದನ್ನು ಯಾರು ನೋಡಿದರೂ ಅವನಿಗೆ ಚಿಂತೆಯಿರಲಿಲ್ಲ.

ಆಫೀಸರು ಒಂದು ಬಿಳಿ ಹಾಳೆ ಕೊಟ್ಟು ಇಬ್ಬರ ಕೈಯಲ್ಲೂ ಕೆಂಪಣ್ಣ ಎಂದು ಬರೆಸಿದರು. ತಮ್ಮನ ಅಕ್ಷರ ಪುಸ್ತಕಕ್ಕೆ ಹೊಂದಿತು, ಅಣ್ಣನದು ರಾಜೀನಾಮೆಗೆ. ಪೊಲೀಸಿನ ಮಾತಿಗೆ ಬಂದಾಗ ಅವರು ರಘುನಂದನನಿಗೆ ತಣ್ಣಗೆ ತಿಳಿಸಿದರು. ಕರೆಯಿರಿ, ಬಂದವರು ಮೊದಲು ಕೇಳುವುದು ಹದಿನೈದು ವರ್ಷ ಈ ಪುಸ್ತಕ ಬರೆದವರು ಯಾರು, ಹಾಜರಿ ಹಾಕಿದವರು ಯಾರು ಅಂತ. ದುಡಿಸಿಕೊಳ್ಳುವಾಗ ಹೆಸರು ಕೇಳಲಿಲ್ಲ, ಕೊಡುವಾಗ ಮಾತ್ರ ಕೇಳುತ್ತೀರಾ? ಪಕ್ಕದಲ್ಲಿ ಕೂತಿದ್ದ ಶಿವಲಿಂಗಯ್ಯ ಎದ್ದು ನೀರು ಕುಡಿಯಲು ಹೋದವನು ತಿರುಗಿ ಬರಲೇ ಇಲ್ಲ.

ಬರೆದ ಒಪ್ಪಂದ ಹೀಗಿತ್ತು: ಮರಿಸ್ವಾಮಿ ಬಿನ್ ಕರಿಯಪ್ಪ, ಸೇವೆ ಹದಿನೈದು ವರ್ಷ, ಪರಿಹಾರ ಹದಿಮೂರೂವರೆ ಸಾವಿರ, ಗ್ರಾಚುಟಿ ಅಷ್ಟೇ, ನೋಟೀಸಿನ ಬದಲಿಗೆ ಒಂದು ತಿಂಗಳ ಸಂಬಳ, ಒಟ್ಟು ಇಪ್ಪತ್ತೆಂಟು ಸಾವಿರದ ಐನೂರ ಅರವತ್ತು. ಪಿ.ಎಫ್. ಹಣಕ್ಕೆ ಹೆಸರು ತಿದ್ದಿಸಲು ಬೇರೆ ಅರ್ಜಿ ಹಾಕಬೇಕು, ಅದಕ್ಕೆ ಈ ಒಪ್ಪಂದದ ನಕಲು ಸಾಕು ಎಂದರು. ಕೆಂಪಣ್ಣನ ಮೂರು ವರ್ಷಕ್ಕೆ ಏನೂ ಬರುವುದಿಲ್ಲ, ತಿಳಿಯಿತೇ ಎಂದು ಆಫೀಸರು ಕೇಳಿದ್ದಕ್ಕೆ ಅವನು ತಲೆಯಾಡಿಸಿದ. ಸಾಕ್ಷಿಯ ಜಾಗದಲ್ಲಿ ರುಜು ಹಾಕು ಎಂದಾಗ ಮಾತ್ರ ಪೆನ್ನು ಹಿಡಿದು ತಮ್ಮನ ಕಡೆ ತಿರುಗಿ, ಹಾಕಲೇನಪ್ಪಾ ಎಂದು ಕೇಳಿದ. ಬಾಗಿಲ ಬಳಿ ನಿಂತಿದ್ದ ಜಯಲಕ್ಷ್ಮಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಅದು ನಗುವೋ ಅಳುವೋ ಅವಳಿಗೇ ತಿಳಿಯದು.

ಒಂದು ತಿಂಗಳಾದ ಮೇಲೆ ಫ್ಯಾಕ್ಟರಿಯ ಅಂಗಳದಲ್ಲೇ ಚೆಕ್ಕು ಕೊಡುವ ಏರ್ಪಾಡಾಯಿತು. ರಟ್ಟು ಹರಡುತ್ತಿದ್ದ ಜಾಗದಲ್ಲಿ ಮೇಜು ಹಾಕಿದ್ದರು. ಇಪ್ಪತ್ತೆರಡು ಜನವೂ ಒಗೆದ ಬಟ್ಟೆ ತೊಟ್ಟು ಬಂದಿದ್ದರು, ಕೆಲವರ ಜೊತೆ ಮನೆಯವರೂ ಇದ್ದರು. ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಹೇಗೆಂದು ರಂಗಸ್ವಾಮಿ ಒಬ್ಬೊಬ್ಬರಿಗೂ ಹೇಳಿಕೊಡುತ್ತಿದ್ದ. ಮರಿಸ್ವಾಮಿ ಸಾಲಿನ ಕೊನೆಯಲ್ಲಿ, ದಿನಕ್ಕೆ ಹತ್ತಿಪ್ಪತ್ತು ಸಲ ತಾನು ಹಾದುಹೋಗುತ್ತಿದ್ದ ತೊಟ್ಟಿಯ ಪಕ್ಕ ನಿಂತಿದ್ದ. ಅಣ್ಣ ಅವನ ಹಿಂದೆ ಇದ್ದ.

ಹೊಸದಾಗಿ ಬಂದ ಗುಮಾಸ್ತ ಪಟ್ಟಿ ಹಿಡಿದು ಹೆಸರು ಕೂಗತೊಡಗಿದ. ಒಬ್ಬೊಬ್ಬರೇ ಹೋಗಿ ರುಜು ಹಾಕಿ ಚೆಕ್ಕು ತೆಗೆದುಕೊಂಡರು. ಕೊನೆಗೆ ಒಂದು ಹೆಸರು ಉಳಿಯಿತು. "ಮರಿಸ್ವಾಮಿ" ಎಂದು ಕೂಗಿದ. ಯಾರೂ ಅಲುಗಲಿಲ್ಲ. ಮತ್ತೊಮ್ಮೆ ಕೂಗಿದ. ಚೆಕ್ಕು ಹಿಡಿದು ನಿಂತವರು, ವಿಚಾರಣೆಯಲ್ಲಿ ಒಮ್ಮೆ ಕೇಳಿದ್ದ ಹೆಸರು ತಟ್ಟನೆ ನೆನಪಿಗೆ ಬಾರದೆ, ಅದ್ಯಾರಪ್ಪ ಎಂದು ಆಚೀಚೆ ನೋಡಿದರು. ಮರಿಸ್ವಾಮಿಯೂ ಎಲ್ಲರಂತೆ ತಿರುಗಿ ಗೇಟಿನ ಕಡೆ ನೋಡಿದ. ಆ ಅಂಗಳದಲ್ಲಿ ಆ ಹೆಸರನ್ನು ಯಾರೂ ಯಾವತ್ತೂ ಕೂಗಿರಲಿಲ್ಲ.

ಬೆನ್ನ ಮೇಲೆ ಅಣ್ಣನ ಕೈ ಬಿತ್ತು.

"ನಿನ್ನೇ ಕಣ್ಲಾ ಕರೀತಾ ಇರದು" ಎಂದ ಕೆಂಪಣ್ಣ. "ಓಗು."